ಗೋಡೆಯ ಮೇಲಿನ ಅಗ್ನಿನಂದಕ ಜನರ ಕೈಗೆ ಬರಲಿ: ಅಗ್ನಿಶಾಮಕ ಇಲಾಖೆಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಹಾನಿರ್ದೇಶಕರು,
ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ,
ಬೆಂಗಳೂರು

ರಾಜ್ಯದ ವಸತಿ ಸಮುಚ್ಚಯಗಳ ಸಂಘಗಳು, ಶಾಲಾ ಆಡಳಿತ ಮಂಡಳಿಗಳು ಹಾಗೂ ಸಾರ್ವಜನಿಕರ ಗಮನಕ್ಕೂ

ವಿಷಯ: ಕೈಯಲ್ಲಿ ಹಿಡಿದು ಬಳಸುವ ಅಗ್ನಿನಂದಕಗಳ ತರಬೇತಿ ಮತ್ತು ನಿರ್ವಹಣೆ

ಮಾನ್ಯರೇ,

ನಮ್ಮ ರಾಜ್ಯದ ಅಪಾರ್ಟ್‌ಮೆಂಟ್‌ಗಳು, ಶಾಲೆಗಳು, ಆಸ್ಪತ್ರೆಗಳು ಮತ್ತು ಕಚೇರಿಗಳ ಗೋಡೆಗಳಿಂದ ಪ್ರತಿ ವರ್ಷವೂ ಲೆಕ್ಕವಿಲ್ಲದಷ್ಟು ಅಗ್ನಿನಂದಕ ಸಿಲಿಂಡರ್‌ಗಳು ಮರುಭರ್ತಿಗೆಂದು ಕೆಳಗಿಳಿಯುತ್ತವೆ. ಒತ್ತಡ ಪರೀಕ್ಷೆಗೆ, ಎಂದರೆ ಸಿಲಿಂಡರ್ ತನ್ನೊಳಗಿನ ಒತ್ತಡವನ್ನು ತಾಳುತ್ತದೆಯೇ ಎಂಬ ಪರೀಕ್ಷೆಗೆ, ಒಡ್ಡುವ ಮುನ್ನ ಅವುಗಳೊಳಗಿನ ಪುಡಿ, ನೀರು ಅಥವಾ ನೊರೆಯನ್ನು ಖಾಲಿ ಮಾಡಲೇಬೇಕಾಗುತ್ತದೆ ಮತ್ತು ಆ ಕೆಲಸ ಯಾವುದೋ ವರ್ಕ್‌ಶಾಪಿನ ಹಿಂಬದಿಯಲ್ಲಿ, ಆ ಸಿಲಿಂಡರಿನಿಂದ ರಕ್ಷಣೆ ಪಡೆಯಬೇಕಾದ ಜನರ ಕಣ್ಣಿಗೆ ಬೀಳದೆ ಮುಗಿದುಹೋಗುತ್ತದೆ. ಹೇಗಿದ್ದರೂ ಖಾಲಿ ಮಾಡಬೇಕಾದ ಆ ಸಿಲಿಂಡರ್‌ಗಳನ್ನು ಅದೇ ಕಟ್ಟಡದ ನಿವಾಸಿಗಳು, ಕಾವಲುಗಾರರು, ಶಿಕ್ಷಕರು, ದಾದಿಯರು ತಮ್ಮ ಕೈಯಿಂದಲೇ, ತಮ್ಮದೇ ಅಂಗಳದಲ್ಲಿ, ಬಲ್ಲವರೊಬ್ಬರ ಮೇಲ್ವಿಚಾರಣೆಯಲ್ಲಿ ಖಾಲಿ ಮಾಡುವಂತೆ ತಮ್ಮ ಇಲಾಖೆ ಒಂದು ಸುತ್ತೋಲೆ ಹೊರಡಿಸಬೇಕೆಂದು ಕೋರುವುದೇ ಈ ಪತ್ರದ ಮುಖ್ಯ ಉದ್ದೇಶ. ಇದಕ್ಕೆ ಹೊಸ ಕಾಯಿದೆ ಬೇಕಿಲ್ಲ, ಹೆಚ್ಚಿನ ಖರ್ಚೂ ಇಲ್ಲ. ಆದರೆ ಇದರಿಂದ ಆಗುವ ಪ್ರಯೋಜನ, ನಾನು ಕಂಡಮಟ್ಟಿಗೆ, ಗೋಡೆಗಳ ಮೇಲೆ ಇನ್ನಷ್ಟು ಸಿಲಿಂಡರ್‌ಗಳನ್ನು ತೂಗುಹಾಕುವುದಕ್ಕಿಂತ ಎಷ್ಟೋ ದೊಡ್ಡದು.

ನಾನು ಕಾರ್ಖಾನೆಯೊಂದರಲ್ಲಿ ಸುರಕ್ಷತಾ ಅಧಿಕಾರಿಯಾಗಿ ಕೆಲಸ ಮಾಡಿ ನಿವೃತ್ತನಾದವನು. ಈಗ ಬೆಂಗಳೂರಿನ ವಸತಿ ಸಮುಚ್ಚಯವೊಂದರ ಸಮಿತಿಯಲ್ಲಿದ್ದೇನೆ. ಕಾರ್ಖಾನೆಯಲ್ಲಿ ಹೊಸದಾಗಿ ಸೇರಿದ ಕಾರ್ಮಿಕನೂ ಒಮ್ಮೆಯಾದರೂ ಅಗ್ನಿನಂದಕವನ್ನು ಕೈಯಲ್ಲಿ ಹಿಡಿದು ಚಲಾಯಿಸಿರುತ್ತಿದ್ದ. ವಸತಿ ಸಮುಚ್ಚಯದಲ್ಲಿ ವರ್ಷಗಟ್ಟಲೆ ಅದೇ ಸಿಲಿಂಡರಿನ ಪಕ್ಕದಲ್ಲೇ ಲಿಫ್ಟಿಗಾಗಿ ಕಾಯುವ ಸುಶಿಕ್ಷಿತರಲ್ಲೂ ಹೆಚ್ಚಿನವರು ಅದನ್ನು ಮುಟ್ಟಿ ನೋಡಿಲ್ಲ. ಇದು ಅವರ ತಪ್ಪಲ್ಲ. ಅದನ್ನು ಮುಟ್ಟಿ ನೋಡಿ ಎಂದು ಅವರಿಗೆ ಯಾರೂ ಹೇಳಿಲ್ಲ. ಬದಲಿಗೆ ಮುಟ್ಟಬಾರದ ವಸ್ತುವೆಂಬಂತೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ ಕಡೆಗಳನ್ನೂ ನಾನು ನೋಡಿದ್ದೇನೆ.

ಬೆಂಕಿಯ ಮೊದಲ ಒಂದೆರಡು ನಿಮಿಷಗಳ ಮಹತ್ವವನ್ನು ತಮಗೆ ನಾನು ಹೇಳಬೇಕಾಗಿಲ್ಲ. 101ಕ್ಕೋ 112ಕ್ಕೋ ಕರೆ ಹೋಗಿ, ಠಾಣೆಯಿಂದ ವಾಹನ ಹೊರಟು, ನಮ್ಮ ರಸ್ತೆಗಳ ದಟ್ಟಣೆಯನ್ನು ಸೀಳಿಕೊಂಡು ಬರುವಷ್ಟರಲ್ಲಿ, ಕಸದ ಬುಟ್ಟಿಯಷ್ಟಿದ್ದ ಬೆಂಕಿ ಕೋಣೆಯನ್ನೇ ಆವರಿಸಿರುತ್ತದೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಮಂದಿಯನ್ನು ಬಲಿ ತೆಗೆದುಕೊಂಡದ್ದು ಮುಖ್ಯವಾಗಿ ಮಹಡಿಯಿಂದ ಮಹಡಿಗೆ ಏರಿದ ಹೊಗೆ; ಉಸಿರುಗಟ್ಟಿ, ದಿಕ್ಕು ತೋಚದೆ ಕಿಟಕಿಯಿಂದ ಜಿಗಿದವರೂ ಅವರಲ್ಲಿದ್ದರು. ಅಂಥ ದುರಂತಗಳನ್ನು ಒಂದು ಕೈ ಸಿಲಿಂಡರ್ ತಡೆದುಬಿಡುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ತೆರೆದಿರುವ ಮೆಟ್ಟಿಲು, ಬೀಗವಿಲ್ಲದ ಬಾಗಿಲು, ಹೊಗೆ ಏರದಂತೆ ಮುಚ್ಚಿದ ಡಕ್ಟ್‌ಗಳು ಮೊದಲು ಬೇಕು. ಆದರೆ ದೊಡ್ಡ ಬೆಂಕಿಗಳಲ್ಲಿ ಬಹುಪಾಲು ಒಂದು ಹಂತದಲ್ಲಿ ಸಣ್ಣವೇ ಆಗಿರುತ್ತವೆ, ಮತ್ತು ಆ ಹಂತದಲ್ಲಿ ಸ್ಥಳದಲ್ಲಿರುವವರು ತಮ್ಮ ಸಿಬ್ಬಂದಿಯಲ್ಲ, ನಾವು.

ಆ ಹೊತ್ತಿನಲ್ಲಿ ನಮ್ಮ ಬಳಿ ಇರುವುದು ಕೆಲವೇ ಸೆಕೆಂಡುಗಳು. ಕಾರಿನಲ್ಲಿಡುವ ಸಣ್ಣ ಪುಡಿ ಸಿಲಿಂಡರ್ ಹತ್ತು ಸೆಕೆಂಡಿನೊಳಗೇ ಬರಿದಾಗಬಹುದು. ಅಪಾರ್ಟ್‌ಮೆಂಟುಗಳಲ್ಲಿ ಸಾಮಾನ್ಯವಾಗಿ ಕಾಣುವ 4 ಅಥವಾ 6 ಕೆ.ಜಿ.ಯದು ಹೆಚ್ಚೆಂದರೆ ಹದಿನೈದು ಇಪ್ಪತ್ತು ಸೆಕೆಂಡು ನಡೆಯುತ್ತದೆ. 6 ಕೆ.ಜಿ. ಪುಡಿ ತುಂಬಿದ ಸಿಲಿಂಡರಿನ ಒಟ್ಟು ತೂಕ ಸುಮಾರು 9ರಿಂದ 10 ಕೆ.ಜಿ. ಇರುತ್ತದೆ. ಅಷ್ಟು ಭಾರವನ್ನು ಎತ್ತಿಕೊಂಡು ಬಂದು, ಸೀಲು ಮುರಿದು ಪಿನ್ ಎಳೆದು, ಗಾಳಿ ಬೆನ್ನ ಹಿಂದಿನಿಂದ ಬೀಸುವಂತೆ ನಿಂತು, ಎರಡು ಮೂರು ಮೀಟರ್ ದೂರದಿಂದ ಜ್ವಾಲೆಯ ತುದಿಗಲ್ಲದೆ ಬುಡಕ್ಕೆ ಗುರಿಯಿಟ್ಟು, ಹಿಡಿಕೆ ಒತ್ತಿ, ಮೂತಿಯನ್ನು ಎಡಕ್ಕೂ ಬಲಕ್ಕೂ ಆಡಿಸುತ್ತ ಮುಂದಕ್ಕೆ ಸಾಗಬೇಕು. ಓದಲು ಇದು ಒಂದೇ ವಾಕ್ಯ. ಆದರೆ ಪಿನ್ ಎಳೆಯುವಾಗ ಗಾಬರಿಯಲ್ಲಿ ಹಿಡಿಕೆಯನ್ನೂ ಒಟ್ಟಿಗೇ ಅದುಮಿ ಹಿಡಿದರೆ ಪಿನ್ ಹೊರಬರುವುದೇ ಇಲ್ಲ. ಮೊದಲ ಬಾರಿ ಹಿಡಿದವರಲ್ಲಿ ನಾನು ಪದೇ ಪದೇ ಕಂಡ ತೊಡಕು ಇದು. ಪುಡಿ ಚಿಮ್ಮುವ ಸದ್ದಿಗೆ ಬೆಚ್ಚಿ ಹಿಡಿಕೆ ಬಿಟ್ಟುಬಿಡುವವರೂ ಇದ್ದಾರೆ, ಬಿಳಿ ಮೋಡ ಎದ್ದೊಡನೆ ಬೆಂಕಿ ಆರಿತೆಂದು ಬೆನ್ನು ತಿರುಗಿಸುವವರೂ ಇದ್ದಾರೆ. ಕೈ ಒಮ್ಮೆ ಕಲಿತದ್ದು ಮರೆಯುವುದಿಲ್ಲ. ಭಿತ್ತಿಪತ್ರ ನೋಡಿ ಕಲಿತದ್ದು ಆ ಹತ್ತು ಸೆಕೆಂಡಿನಲ್ಲಿ ನೆನಪಿಗೆ ಬರುವುದಿಲ್ಲ. ನನ್ನ ಕೋರಿಕೆಯ ಹಿಂದಿರುವ ಅನುಭವ ಇಷ್ಟೇ.

ಯಾವ ಬೆಂಕಿಗೆ ಯಾವ ಸಿಲಿಂಡರ್ ಎಂಬುದನ್ನು ಸಾರ್ವಜನಿಕರಿಗೆ ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಲ್ಲಿನ ತಪ್ಪು ಬೆಂಕಿಯನ್ನು ನಂದಿಸದಿರುವುದಷ್ಟೇ ಅಲ್ಲ, ಕೆಲವೊಮ್ಮೆ ಹರಡಿಬಿಡುತ್ತದೆ. ಕಟ್ಟಿಗೆ, ಕಾಗದ, ಬಟ್ಟೆಯಂಥ ಘನವಸ್ತುಗಳ ಬೆಂಕಿ ಎ ವರ್ಗ. ಪೆಟ್ರೋಲ್, ಸೀಮೆಎಣ್ಣೆ, ಥಿನ್ನರಿನಂಥ ದ್ರವಗಳದ್ದು ಬಿ. ಅಡುಗೆ ಅನಿಲದಂಥವುಗಳದ್ದು ಸಿ. ಮೆಗ್ನೀಸಿಯಂ, ಸೋಡಿಯಂನಂಥ ಲೋಹಗಳದ್ದು ಡಿ. ಕಾದ ಅಡುಗೆ ಎಣ್ಣೆಯದ್ದು ಎಫ್. ನಮ್ಮ ಕಟ್ಟಡಗಳಲ್ಲಿ ಹೆಚ್ಚಾಗಿ ಕಾಣುವ ಎಬಿಸಿ ಸಿಲಿಂಡರಿನಲ್ಲಿರುವುದು ಮಾನೋ ಅಮೋನಿಯಂ ಫಾಸ್ಫೇಟ್ ಎಂಬ ಪುಡಿ. ಅದು ಮೊದಲ ಮೂರು ವರ್ಗಗಳಿಗೂ ಆಗುತ್ತದೆ, ವಿದ್ಯುತ್ ಉಪಕರಣದ ಬೆಂಕಿಗೂ ಬಳಸಬಹುದು. ಆದರೆ ಅದು ಕಂಪ್ಯೂಟರ್, ಸರ್ವರ್‌ಗಳ ಒಳಹೊಕ್ಕು ತುಕ್ಕು ತರಿಸುವುದರಿಂದ ಅಂಥಲ್ಲಿಗೆ ಕಾರ್ಬನ್ ಡೈಆಕ್ಸೈಡ್ ಮೇಲು. ಕೆಂಪು ಮೈಯ ಮೇಲಿನ ಬಣ್ಣದ ಪಟ್ಟಿ ಕೂಡ ಗುರುತು ಹೇಳುತ್ತದೆ: ಪುಡಿಗೆ ನೀಲಿ, ನೊರೆಗೆ ಕೆನೆಬಣ್ಣ, ಕಾರ್ಬನ್ ಡೈಆಕ್ಸೈಡಿಗೆ ಕಪ್ಪು. ನೀರು ಮತ್ತು ನೊರೆಯ ಸಿಲಿಂಡರುಗಳನ್ನು ವಿದ್ಯುತ್ ಹರಿಯುತ್ತಿರುವ ಫಲಕದ ಮೇಲೆ ಪ್ರಯೋಗಿಸಬಾರದು. ಯಾವುದನ್ನೇ ಬಳಸುವುದಿದ್ದರೂ ಸಾಧ್ಯವಾದರೆ ಮೊದಲು ಮೇನ್ ಸ್ವಿಚ್ ಆರಿಸಬೇಕು.

ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನ ವಿಷಯದಲ್ಲಿ ಎರಡು ಎಚ್ಚರಿಕೆಗಳು. ಅದರ ಕೊಂಬಿನಂಥ ಮೂತಿಯಿಂದ ಹೊರಬರುವ ಅನಿಲ ಸೊನ್ನೆಗಿಂತ 78 ಡಿಗ್ರಿ ಕೆಳಗಿನ ಹಿಮಕಣಗಳನ್ನು ಹೊತ್ತಿರುತ್ತದೆ, ಹಾಗಾಗಿ ಮೂತಿಯನ್ನು ಬರಿಗೈಯಲ್ಲಿ ಹಿಡಿದರೆ ಚರ್ಮ ಸುಟ್ಟಂತಾಗುತ್ತದೆ. ಹಿಡಿಯಲೆಂದೇ ಇರುವ ಹಿಡಿಯನ್ನೇ ಹಿಡಿಯಬೇಕು. ಮತ್ತು ಅದು ಬೆಂಕಿಯನ್ನು ಆರಿಸುವುದು ಆಮ್ಲಜನಕವನ್ನು ದೂರ ತಳ್ಳಿ. ಚಿಕ್ಕ ಮುಚ್ಚಿದ ಕೋಣೆಯಲ್ಲಿ ಅದು ಬೆಂಕಿಯ ಉಸಿರಿನೊಂದಿಗೆ ಮನುಷ್ಯನ ಉಸಿರನ್ನೂ ಕಟ್ಟಬಲ್ಲದು. ಬಳಸಿದ ಕೂಡಲೇ ಹೊರಗೆ ಬಂದು ಗಾಳಿಯಾಡಲು ಬಿಡಬೇಕು, ಆದರೆ ಬೆಂಕಿಯ ಮೇಲಿನ ಕಣ್ಣು ತೆಗೆಯಬಾರದು. ಈ ಅನಿಲ ವಸ್ತುವನ್ನು ಹೆಚ್ಚು ತಣಿಸುವುದಿಲ್ಲವಾದ್ದರಿಂದ ಆರಿದ ಬೆಂಕಿ ಮತ್ತೆ ಹೊತ್ತಿಕೊಳ್ಳುವುದುಂಟು.

ಮನೆಯಲ್ಲಿ ಅತಿ ಹೆಚ್ಚು ಗಾಬರಿ ಹುಟ್ಟಿಸುವುದು ಬಾಣಲೆಯ ಎಣ್ಣೆಗೆ ಹತ್ತಿದ ಬೆಂಕಿ, ಮತ್ತು ಗಾಬರಿಯಲ್ಲಿ ಕೈಗೆ ಮೊದಲು ಸಿಗುವುದು ನೀರು. ದಯವಿಟ್ಟು ನೀರು ಹಾಕಬೇಡಿ. ಎಣ್ಣೆಗಿಂತ ಭಾರವಾದ ನೀರು ತಳಕ್ಕಿಳಿದು, ಅಲ್ಲಿನ ಕಾವಿಗೆ ಕ್ಷಣದಲ್ಲಿ ಆವಿಯಾಗಿ, ಸುಮಾರು 1,700 ಪಟ್ಟು ಹಿಗ್ಗಿ, ಉರಿಯುವ ಎಣ್ಣೆಯನ್ನು ಸೂರಿನವರೆಗೆ ಎರಚುತ್ತದೆ. ಒಲೆ ಆರಿಸಿ, ಅಗಲವಾದ ಮುಚ್ಚಳವನ್ನೋ ತಟ್ಟೆಯನ್ನೋ ನಿಮ್ಮ ಕಡೆಯಿಂದ ಆಚೆಗೆ ಜಾರಿಸಿ ಮುಚ್ಚಿ, ಬಾಣಲೆ ಪೂರ್ತಿ ತಣ್ಣಗಾಗುವವರೆಗೆ ಮುಚ್ಚಳ ತೆಗೆಯದೆ, ಬಾಣಲೆಯನ್ನು ಎತ್ತಿ ಒಯ್ಯದೆ ಬಿಡುವುದೇ ಸರಿಯಾದ ದಾರಿ. ಕಲ್ಯಾಣ ಮಂಟಪಗಳ ಅಡುಗೆಮನೆಯಲ್ಲಿ ಹತ್ತಾರು ಲೀಟರ್ ಎಣ್ಣೆ ಕಾಯುವ ಕೊಪ್ಪರಿಗೆಗಳಿಗೆ ಮುಚ್ಚಳದ ಉಪಾಯ ಸಾಲದು. ಅಲ್ಲಿ ಎಫ್ ವರ್ಗಕ್ಕೆಂದೇ ತಯಾರಾದ, ಎಣ್ಣೆಯ ಮೇಲೆ ಸಾಬೂನಿನಂಥ ಪದರ ಕಟ್ಟುವ ದ್ರವ ರಾಸಾಯನಿಕದ ಸಿಲಿಂಡರ್ ಬೇಕು. ನಾನು ಊಟಕ್ಕೆ ಹೋದ ಮಂಟಪಗಳಲ್ಲಿ ಅಡುಗೆಯವರ ಅನುಮತಿ ಪಡೆದು ಒಳಗೆ ನೋಡುವುದು ನನ್ನ ಹಳೆಯ ಅಭ್ಯಾಸ. ಅಲ್ಲಿ ಬಹುತೇಕ ಕಂಡದ್ದು ಎಬಿಸಿ ಪುಡಿ ಮಾತ್ರ, ಅದೂ ಅಡುಗೆಮನೆಯಿಂದ ದೂರ, ಸಭಾಂಗಣದ ಬಾಗಿಲ ಬಳಿ. ಮಂಟಪಗಳ ಪರವಾನಗಿ ನವೀಕರಣದ ವೇಳೆ ಇದೊಂದನ್ನು ತಮ್ಮ ಅಧಿಕಾರಿಗಳು ವಿಶೇಷವಾಗಿ ನೋಡಬೇಕೆಂದು ಕೋರುತ್ತೇನೆ.

ಅಡುಗೆ ಅನಿಲದ ವಿಷಯದಲ್ಲಿ ನಿಯಮ ಬೇರೆ. ಸೋರುತ್ತಿರುವ ಅನಿಲಕ್ಕೆ ಹತ್ತಿದ ಜ್ವಾಲೆಯನ್ನು ನಂದಿಸಿ, ಸೋರಿಕೆಯನ್ನು ನಿಲ್ಲಿಸದೆ ಬಿಟ್ಟರೆ, ಗಾಳಿಗಿಂತ ಭಾರವಾದ ಆ ಅನಿಲ ನೆಲದಗುಂಟ ಹರಡಿ, ಯಾವುದೋ ಕಿಡಿಗೆ ಸ್ಫೋಟಿಸಬಹುದು. ರೆಗ್ಯುಲೇಟರನ್ನು ಮುಚ್ಚಲು ಸಾಧ್ಯವಿದ್ದರೆ ಅದೇ ಮೊದಲ ಮದ್ದು. ಸಾಧ್ಯವಿಲ್ಲದಿದ್ದರೆ ಎಲ್ಲರನ್ನೂ ಹೊರಗೆ ಕರೆದುಕೊಂಡು 101ಕ್ಕೆ ಕರೆಮಾಡಿ; ಬರಿಯ ಸೋರಿಕೆಯಾದರೆ 1906 ಸಹಾಯವಾಣಿ ಇದೆ.

ಇತ್ತೀಚಿನ ದೊಡ್ಡ ಚಿಂತೆ ಲಿಥಿಯಂ ಬ್ಯಾಟರಿಗಳದ್ದು. 2022ರ ಸೆಪ್ಟೆಂಬರ್ 12ರಂದು ಸಿಕಂದರಾಬಾದಿನಲ್ಲಿ ನೆಲಮಾಳಿಗೆಯ ಎಲೆಕ್ಟ್ರಿಕ್ ಸ್ಕೂಟರ್ ಮಳಿಗೆಯಿಂದ ಎದ್ದ ಬೆಂಕಿ ಮೇಲಿನ ಹೋಟೆಲಿನಲ್ಲಿದ್ದ 8 ಮಂದಿಯನ್ನು ಕೊಂದಿತು. 2024ರ ನವೆಂಬರಿನಲ್ಲಿ ಬೆಂಗಳೂರಿನ ಡಾ. ರಾಜ್‌ಕುಮಾರ್ ರಸ್ತೆಯ ಎಲೆಕ್ಟ್ರಿಕ್ ವಾಹನ ಮಳಿಗೆಯೊಂದರ ಬೆಂಕಿಯಲ್ಲಿ ಅಲ್ಲಿಯೇ ಕೆಲಸ ಮಾಡುತ್ತಿದ್ದ ಯುವತಿ ಅಸುನೀಗಿದಳು. ಬ್ಯಾಟರಿಯ ಕೋಶದೊಳಗೆ ಕಾವು ತನ್ನಿಂದ ತಾನೇ ಏರುತ್ತ ಒಂದರಿಂದ ಇನ್ನೊಂದಕ್ಕೆ ದಾಟುವುದರಿಂದ ಎಬಿಸಿ ಪುಡಿ ಮೇಲಿನ ಜ್ವಾಲೆಯನ್ನು ಅರೆಗಳಿಗೆ ಅಡಗಿಸಬಹುದೇ ಹೊರತು ಒಳಗಿನ ಕಾವನ್ನು ತಣಿಸಲಾರದು. ತಣಿಸಲು ಬೇಕಾದದ್ದು ಧಾರಾಳ ನೀರು ಮತ್ತು ಬಹಳ ಹೊತ್ತು. ಹೊಗೆಯೋ ಅತಿ ವಿಷಕಾರಿ. ಹಾಗಾಗಿ ಮನೆಯಲ್ಲಿ ಸ್ಕೂಟರಿನ ಬ್ಯಾಟರಿ ಹೊಗೆಯಾಡತೊಡಗಿದರೆ ಸಿಲಿಂಡರಿಗೆ ಕೈಹಾಕುವ ಮೊದಲು ಬಾಗಿಲು ಎಳೆದುಕೊಂಡು ಹೊರಬನ್ನಿ, ನೆರೆಯವರನ್ನು ಎಬ್ಬಿಸಿ, ಅಗ್ನಿಶಾಮಕ ಇಲಾಖೆಯನ್ನು ಕರೆಯಿರಿ ಎಂಬ ಮಾತನ್ನು ಇಲಾಖೆಯೇ ಜನರಿಗೆ ಸ್ಪಷ್ಟವಾಗಿ ಹೇಳಬೇಕಾಗಿದೆ. ಮಲಗುವ ಕೋಣೆಯಲ್ಲಿ, ಹೊರಹೋಗುವ ದಾರಿಯಲ್ಲಿ, ರಾತ್ರಿಯಿಡೀ ಚಾರ್ಜಿಗೆ ಹಾಕುವುದು ಬೇಡ ಎಂಬುದನ್ನೂ.

ಎಲ್ಲಿ ಬಳಸಬಾರದೆಂಬ ತಿಳಿವಳಿಕೆ ಎಲ್ಲಿ ಬಳಸಬೇಕೆಂಬುದರಷ್ಟೇ ಮುಖ್ಯ. ಬೆಂಕಿ ಎದೆಮಟ್ಟ ಮೀರಿದ್ದರೆ, ಸೂರಿಗೆ ತಾಗಿದ್ದರೆ, ಕೋಣೆ ಹೊಗೆಯಿಂದ ತುಂಬಿದ್ದರೆ, ಏನು ಉರಿಯುತ್ತಿದೆ ಎಂದು ತಿಳಿಯದಿದ್ದರೆ, ಬೆನ್ನ ಹಿಂದೆ ಹೊರಹೋಗಲು ದಾರಿಯಿಲ್ಲದಿದ್ದರೆ ಅಗ್ನಿನಂದಕ ಎತ್ತಬಾರದು. ಒಂದು ಸಿಲಿಂಡರ್ ಮುಗಿದೂ ಬೆಂಕಿ ಆರದಿದ್ದರೆ ಹೊರಡುವ ಹೊತ್ತಾಯಿತೆಂದು ಅರ್ಥ. ಮೈಮೇಲಿನ ಬಟ್ಟೆಗೆ ಬೆಂಕಿ ಹೊತ್ತಿದವರ ಮೇಲೆ ಕಾರ್ಬನ್ ಡೈಆಕ್ಸೈಡ್ ಪ್ರಯೋಗಿಸದೆ, ನೆಲದ ಮೇಲೆ ಮಲಗಿಸಿ ಉರುಳಿಸಿ, ದಪ್ಪ ಹತ್ತಿಯ ಕಂಬಳಿ ಹೊದಿಸಿ, ಬೆಂಕಿ ಆರಿದ ಮೇಲೆ ತಣ್ಣೀರು ಸುರಿಯಬೇಕು.

ಇನ್ನು ನಿರ್ವಹಣೆ. ನನಗೆ ಅತಿ ಹೆಚ್ಚು ನೋವು ಕೊಟ್ಟಿರುವ ವಿಷಯ ಇದೇ. ಸ್ಟೋರ್ಡ್ ಪ್ರೆಷರ್ ಬಗೆಯ, ಎಂದರೆ ಪುಡಿಯ ಜೊತೆಗೇ ಒತ್ತಡದ ಅನಿಲವನ್ನೂ ತುಂಬಿಟ್ಟಿರುವ ಸಿಲಿಂಡರಿನೊಳಗೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 15 ಕೆ.ಜಿ. ಒತ್ತಡ ವರ್ಷವಿಡೀ ಇರುತ್ತದೆ, ಎಂದರೆ ಕಾರಿನ ಟೈರಿನೊಳಗಿರುವುದರ ಆರೇಳು ಪಟ್ಟು. ತಳಕ್ಕೆ ತುಕ್ಕು ತಿಂದ, ಮೈಗೆ ಪೆಟ್ಟುಬಿದ್ದು ತಗ್ಗಾದ ಸಿಲಿಂಡರ್ ಆ ಒತ್ತಡವನ್ನು ತಾಳದೆ ಸಿಡಿದರೆ ಎದುರಿಗಿರುವವರ ಪ್ರಾಣಕ್ಕೇ ಕುತ್ತು. ಆದ್ದರಿಂದಲೇ ಭಾರತೀಯ ಮಾನಕವಾದ ಐಎಸ್ 2190ರ 2010ರ ಆವೃತ್ತಿ, ನೀರು, ನೊರೆ ಮತ್ತು ಪುಡಿಯ ಸಿಲಿಂಡರ್‌ಗಳನ್ನು 3 ವರ್ಷಕ್ಕೊಮ್ಮೆ, ಕಾರ್ಬನ್ ಡೈಆಕ್ಸೈಡಿನದನ್ನು 5 ವರ್ಷಕ್ಕೊಮ್ಮೆ ನೀರಿನೊತ್ತಡದ ಪರೀಕ್ಷೆಗೆ ಒಡ್ಡಬೇಕೆಂದೂ, ಮೊದಲಿನವುಗಳ ಆಯುಸ್ಸು ತಯಾರಾದ ದಿನದಿಂದ 10 ವರ್ಷ, ಕಾರ್ಬನ್ ಡೈಆಕ್ಸೈಡಿನದಕ್ಕೆ 15 ವರ್ಷ ಎಂದೂ ಹೇಳುತ್ತದೆ. ವಾಸ್ತವದಲ್ಲಿ ನಡೆಯುವುದು ಏನೆಂದರೆ, ಹೆಸರು ಹೇಳಲು ನಾನು ಇಚ್ಛಿಸದ ಒಂದು ಏಜೆನ್ಸಿಯ ಹುಡುಗರು ನಮ್ಮ ಸಮುಚ್ಚಯಕ್ಕೆ ಬಂದು, ಸಿಲಿಂಡರ್‌ಗಳನ್ನು ಗೋಡೆಯಿಂದ ಇಳಿಸದೆಯೇ, ಒಣಬಟ್ಟೆಯಿಂದ ಒರೆಸಿ, ಹಳೆಯ ಚೀಟಿಯ ಮೇಲೆ ಹೊಸ ದಿನಾಂಕದ ಚೀಟಿ ಅಂಟಿಸಿ ಬಿಲ್ಲು ಕೊಟ್ಟರು. ಚೀಟಿಗಳನ್ನು ಒಂದೊಂದಾಗಿ ಸುಲಿದು ನೋಡಿದಾಗ ಕೆಳಗೆ ವರ್ಷ ವರ್ಷದ ಪದರಗಳಿದ್ದವು; ತಯಾರಿಕೆಯ ವರ್ಷ ನೋಡಿದರೆ ಕೆಲವಕ್ಕೆ ಆಯುಸ್ಸೇ ಮುಗಿದಿತ್ತು. ಇದು ನಮ್ಮೊಬ್ಬರ ಕಥೆಯಾಗಿದ್ದರೆ ಈ ಪತ್ರದಲ್ಲಿ ಬರೆಯುತ್ತಿರಲಿಲ್ಲ. ಪರಿಚಯದ ಇತರ ಸಂಘಗಳವರಿಗೆ ತಮ್ಮಲ್ಲಿ ಚೀಟಿ ಸುಲಿದು ನೋಡಲು ಹೇಳಿದಾಗ ಅವರಿಂದಲೂ ಇಂಥದೇ ಮಾತು ಬಂತು.

ಕಟ್ಟಡದವರೇ ತಿಂಗಳಿಗೊಮ್ಮೆ ಮಾಡಬಹುದಾದ ಪರೀಕ್ಷೆಗೆ ಯಾವ ತಜ್ಞರೂ ಬೇಕಿಲ್ಲ. ಒತ್ತಡ ಮಾಪಕದ ಮುಳ್ಳು ಹಸಿರು ಭಾಗದಲ್ಲಿದೆಯೇ, ಪಿನ್ ಮತ್ತು ಪ್ಲಾಸ್ಟಿಕ್ ಸೀಲು ಹಾಗೆಯೇ ಇವೆಯೇ, ಕೊಳವೆ ಬಿರುಕು ಬಿಟ್ಟಿದೆಯೇ ಎಂದು ನೋಡಿ. ಸಿಲಿಂಡರನ್ನು ಎತ್ತಿ ತಳವನ್ನು ನೋಡಿ, ಏಕೆಂದರೆ ತುಕ್ಕು ಶುರುವಾಗುವುದೇ ಅಲ್ಲಿಂದ. ನೆಲ ತೊಳೆದ ನೀರು ನಿಲ್ಲುವ ಜಾಗದಲ್ಲಿಟ್ಟ ಸಿಲಿಂಡರುಗಳಲ್ಲೂ, ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲೂ ಇದು ಬೇಗ. ಕೊಳವೆಯ ಮೂತಿಯಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟುವುದು ನಮ್ಮಲ್ಲಿ ಅಪರೂಪವೇನಲ್ಲ. ಬೆರಳಷ್ಟು ಮಣ್ಣು ಇಡೀ ಸಿಲಿಂಡರನ್ನು ನಿಷ್ಪ್ರಯೋಜಕ ಮಾಡುತ್ತದೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿಗೆ ಮಾಪಕವೇ ಇರುವುದಿಲ್ಲ, ಅದನ್ನು ತೂಗಿಯೇ ನೋಡಬೇಕು. ಸಿಲಿಂಡರಿನ ಮೇಲೆ ಕೊರೆದಿರುವ ಖಾಲಿ ತೂಕವನ್ನು ಕಳೆದು ಉಳಿದ ಅನಿಲ, ಇರಬೇಕಾದದ್ದಕ್ಕಿಂತ ಹತ್ತರಲ್ಲೊಂದು ಪಾಲಿಗೂ ಮೀರಿ ಇಳಿದಿದ್ದರೆ ಮರುಭರ್ತಿ ಮಾಡಿಸಬೇಕು. ಪುಡಿಯ ಸಿಲಿಂಡರನ್ನು ಒಂದೇ ಸೆಕೆಂಡು ಒತ್ತಿ ನೋಡಿದ್ದರೂ ಅದು ಬಳಸಿದಂತೆಯೇ ಲೆಕ್ಕ, ಏಕೆಂದರೆ ಕವಾಟದ ಅಂಚಿನಲ್ಲಿ ಪುಡಿಯ ಕಣಗಳು ಸಿಕ್ಕಿಕೊಂಡು ಒತ್ತಡ ಮೆಲ್ಲಗೆ ಸೋರಿಹೋಗುತ್ತದೆ. ಕೊಳ್ಳುವಾಗ ಐಎಸ್‌ಐ ಗುರುತು ಮತ್ತು ಅದರ ಕೆಳಗಿನ ಪರವಾನಗಿ ಸಂಖ್ಯೆಯನ್ನು ನೋಡಿ, ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ನಿಜವೇ ಎಂದು ಪರಿಶೀಲಿಸಬಹುದು. ಕೈಗಾಡಿ ದರದಲ್ಲಿ ಸಿಗುವ ಗುರುತಿಲ್ಲದ ಸಿಲಿಂಡರ್ ಬೇಡ.

ಇಡುವ ಜಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಟ್ಟಡದ ಯಾವ ಮೂಲೆಯಿಂದಲೂ 15 ಮೀಟರಿಗಿಂತ ಹೆಚ್ಚು ನಡೆಯದೆ ಒಂದು ಸಿಲಿಂಡರ್ ಸಿಗಬೇಕು, ಅದು ಹೊರಹೋಗುವ ಬಾಗಿಲು ಅಥವಾ ಮೆಟ್ಟಿಲ ಬಳಿಯೇ ಇರಬೇಕು. ಅದರ ಮುಂದೆ ಚಪ್ಪಲಿ ಸ್ಟ್ಯಾಂಡು, ಹೂಕುಂಡ, ಮಕ್ಕಳ ಸೈಕಲ್ಲು ನಿಲ್ಲಿಸಬಾರದು.

ಬಸ್ಸುಗಳ ವಿಷಯ ಬಿಡಲಾಗದು. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟ ಬಸ್ಸು ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಹೊತ್ತಿ 45 ಮಂದಿ ಸತ್ತರು. ಅದೇ ವರ್ಷದ ನವೆಂಬರಿನಲ್ಲಿ ಹಾವೇರಿ ಬಳಿ ಮತ್ತೊಂದು ಬಸ್ಸು ಹೊತ್ತಿತು. 2025ರ ಅಕ್ಟೋಬರ್ 24ರಂದು ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಬಸ್ಸು ಕರ್ನೂಲಿನ ಬಳಿ ಬೆಂಕಿಗೆ ಆಹುತಿಯಾಯಿತು. ಡಿಕ್ಕಿಯಾಗಿ ಇಂಧನವೇ ಹೊತ್ತಿದಾಗ ಕೈ ಸಿಲಿಂಡರಿನಿಂದ ಆಗುವುದು ಅತ್ಯಲ್ಪ, ಅಲ್ಲಿ ಜೀವ ಉಳಿಸುವುದು ತುರ್ತು ಬಾಗಿಲು ಮತ್ತು ಗಾಜು ಒಡೆಯುವ ಸುತ್ತಿಗೆ. ಆದರೆ ಎಂಜಿನ್ನಿನ ವೈರಿಂಗಿನಿಂದಲೋ ಬ್ರೇಕಿನ ಕಾವಿನಿಂದಲೋ ಮೊದಲ ಹೊಗೆ ಎದ್ದ ಬಸ್ಸಿನಲ್ಲಿ ಚಾಲಕನ ಪಕ್ಕದ ಸಿಲಿಂಡರ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಚಾಲಕರಿಗೆ ಮತ್ತು ಅವರ ಸಹಾಯಕರಿಗೆ ಅದನ್ನು ಹಿಡಿದ ಅನುಭವ ಇರಬೇಕು. ಸಾರಿಗೆ ಇಲಾಖೆಯೊಂದಿಗೆ ತಾವು ಮಾತನಾಡಿದರೆ ವಾಹನದ ಅರ್ಹತಾ ಪತ್ರ ನವೀಕರಣದ ದಿನವೇ ಅದನ್ನು ಕಲಿಸಬಹುದು.

ಈಗ ನನ್ನ ಕೋರಿಕೆಯ ವಿವರ. ಒತ್ತಡ ಪರೀಕ್ಷೆಗೆ ಅಥವಾ ಮರುಭರ್ತಿಗೆ ಬಂದ ಸಿಲಿಂಡರನ್ನು ಸ್ಥಳದಲ್ಲಿಯೇ ಬಳಕೆದಾರರಿಂದ ಖಾಲಿ ಮಾಡಿಸಿ ನಂತರ ಒಯ್ಯಬೇಕು ಎಂದು ಸುತ್ತೋಲೆಯಲ್ಲಿ ಹೇಳಿದರೆ ಎರಡು ಕೆಲಸ ಒಮ್ಮೆಗೇ ಆಗುತ್ತವೆ. ಜನ ಕಲಿಯುತ್ತಾರೆ, ಮತ್ತು ಎಲ್ಲರೆದುರು ಖಾಲಿಯಾದ ಸಿಲಿಂಡರಿಗೆ ಬರಿಯ ಚೀಟಿ ಅಂಟಿಸಿ ಹೋಗಲು ಯಾರಿಗೂ ಆಗುವುದಿಲ್ಲ. ಒತ್ತಿದಾಗ ಏನೂ ಬಾರದ ಸಿಲಿಂಡರ್ ಎಷ್ಟು ಎಂಬ ಲೆಕ್ಕ ಕೂಡ ಆ ದಿನವೇ ಸಿಗುತ್ತದೆ, ಅದನ್ನು ಸಂಘಗಳು ಇಲಾಖೆಗೆ ಬರೆದು ಕಳಿಸುವ ವ್ಯವಸ್ಥೆಯೂ ಆಗಲಿ. ಒಂದೇ ದಿನ ಎಲ್ಲವನ್ನೂ ಇಳಿಸಿ ಕಟ್ಟಡವನ್ನು ಬರಿದು ಮಾಡದೆ, ಮಹಡಿಗಳನ್ನು ಸರದಿಯಲ್ಲಿ ತೆಗೆದುಕೊಂಡು, ಒಯ್ದವುಗಳ ಜಾಗದಲ್ಲಿ ಬದಲಿ ಸಿಲಿಂಡರ್ ಇಡಬೇಕೆಂಬ ಷರತ್ತು ಇರಲಿ. ಅಭ್ಯಾಸ ಬಯಲಿನಲ್ಲಿ, ಗಾಳಿ ನೋಡಿ ನಡೆಯಬೇಕು. ಪುಡಿ ವಿಷವಲ್ಲದಿದ್ದರೂ ಕಣ್ಣು ಗಂಟಲು ಉರಿಸುವುದರಿಂದ ಮುಖಗವಸು ಬೇಕು, ಆಸ್ತಮಾ ಇರುವವರು ಮತ್ತು ಚಿಕ್ಕ ಮಕ್ಕಳು ದೂರ ನಿಂತು ನೋಡಬೇಕು. ನಿಜವಾದ ಬೆಂಕಿ ಹಚ್ಚುವುದು ತಮ್ಮ ಸಿಬ್ಬಂದಿ ಇದ್ದಾಗ ಮಾತ್ರ. ಉಳಿದಂತೆ ಒಂದು ಖಾಲಿ ಡ್ರಮ್ಮಿನ ಬುಡಕ್ಕೆ ಗುರಿಯಿಡುವುದು ಸಾಕು, ಏಕೆಂದರೆ ಕಲಿಯಬೇಕಾದದ್ದು ಪಿನ್, ಭಾರ, ದೂರ ಮತ್ತು ಗುರಿ. ಶಾಲೆಗಳಲ್ಲಿ ನೀರಿನ ಸಿಲಿಂಡರಿನಿಂದ ಶುರುಮಾಡಬಹುದು.

ಮರುಭರ್ತಿ ಮಾಡುವ ಏಜೆನ್ಸಿಗಳಲ್ಲಿ ಒತ್ತಡ ಪರೀಕ್ಷೆಯ ಯಂತ್ರ ನಿಜವಾಗಿ ಇರುವವರು ಯಾರು ಎಂಬ ಜಿಲ್ಲಾವಾರು ಪಟ್ಟಿಯನ್ನು ಇಲಾಖೆ ಪ್ರಕಟಿಸಿದರೆ ಸಂಘಗಳಿಗೆ ದೊಡ್ಡ ಉಪಕಾರವಾಗುತ್ತದೆ. ನಿರಾಕ್ಷೇಪಣಾ ಪತ್ರದ (ಎನ್‌ಒಸಿ) ನವೀಕರಣಕ್ಕೆ ಬರುವ ಅಧಿಕಾರಿಗಳು ಕಡತ ನೋಡುವುದರ ಜೊತೆಗೆ, ಅಲ್ಲಿ ಅಂದು ಪಾಳಿಯಲ್ಲಿರುವ ಒಬ್ಬ ಕಾವಲುಗಾರನನ್ನು ಕರೆದು, ಹತ್ತಿರದ ಸಿಲಿಂಡರನ್ನು ತಂದು ಹೇಗೆ ಬಳಸುತ್ತೀಯೆಂದು ತೋರಿಸು ಎಂದು ಕೇಳಲಿ. ಆ ಕಾವಲುಗಾರ ಒಡಿಶಾದವನೋ ಅಸ್ಸಾಮಿನವನೋ ಆಗಿರಬಹುದು, ರಾತ್ರಿ ಎರಡು ಗಂಟೆಗೆ ಇಡೀ ಕಟ್ಟಡಕ್ಕೆ ಎಚ್ಚರವಿರುವವನು ಅವನೊಬ್ಬನೇ. ಅವನಿಗೂ, ಕನ್ನಡ ಮಾತ್ರ ಓದಬಲ್ಲ ಮನೆಗೆಲಸದ ಹೆಂಗಸಿಗೂ ತಿಳಿಯುವಂತೆ ಪ್ರತಿ ಸಿಲಿಂಡರಿನ ಪಕ್ಕ ಕನ್ನಡದ ದಪ್ಪ ಅಕ್ಷರಗಳೂ ಚಿತ್ರಗಳೂ ಇರುವ ಫಲಕ ಕಡ್ಡಾಯವಾಗಲಿ. ನಿರಾಕ್ಷೇಪಣಾ ಪತ್ರದ ವ್ಯಾಪ್ತಿಗೆ ಬಾರದ ಸಣ್ಣ ಕಟ್ಟಡಗಳು, ಅದರಲ್ಲೂ ಒಂದೇ ಮೆಟ್ಟಿಲಿನ, ಕಿಟಕಿಗೆ ಸರಳು ಹಾಕಿದ ಪಿಜಿಗಳು ನನ್ನ ಅತಿ ದೊಡ್ಡ ಆತಂಕ. ಅಲ್ಲಿ ಮಲಗುವವರು ಊರಿನಿಂದ ಓದಲು, ದುಡಿಯಲು ಬಂದ ನಮ್ಮದೇ ಮಕ್ಕಳು. ಸ್ಥಳೀಯ ಪಾಲಿಕೆಗಳು ಪಿಜಿಗಳಿಗೆ ಪರವಾನಗಿ ಕೊಡುವಾಗ ಈ ತರಬೇತಿಯನ್ನೂ ಷರತ್ತಾಗಿಸುವಂತೆ ತಾವು ಅವರಿಗೆ ಬರೆಯಬೇಕು.

1944ರ ಏಪ್ರಿಲ್ 14ರಂದು ಮುಂಬೈ ಬಂದರಿನ ಸ್ಫೋಟದಲ್ಲಿ ಮಡಿದ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ತಾವು ನಡೆಸುವ ಸಪ್ತಾಹದಲ್ಲಿ ಠಾಣೆಗಳ ಸಿಬ್ಬಂದಿ ಶಾಲೆಗಳಿಗೂ ಸಮುಚ್ಚಯಗಳಿಗೂ ಬಂದು ಪ್ರಾತ್ಯಕ್ಷಿಕೆ ತೋರಿಸುತ್ತಾರೆ. ಅವರ ಶ್ರಮದ ಬಗ್ಗೆ ನನಗೆ ಅಪಾರ ಗೌರವವಿದೆ. ಮುಂದಿನ ಸಪ್ತಾಹದಲ್ಲಿ ಅವರು ತೋರಿಸಿದ್ದನ್ನು ನೆರೆದವರೂ ಮಾಡುವಂತಾಗಲಿ. ನಮ್ಮ ಸಮುಚ್ಚಯದ ಒತ್ತಡ ಪರೀಕ್ಷೆಯ ಅವಧಿ ಬಂದಿದೆ, ಸಮಿತಿ ಒಪ್ಪಿದೆ, ಅಂಗಳವೂ ಇದೆ. ಮೊದಲ ಪ್ರಯೋಗಕ್ಕೆ ನಮ್ಮ ಹತ್ತಿರದ ಠಾಣೆಯಿಂದ ಒಬ್ಬ ಸಿಬ್ಬಂದಿಯನ್ನು ಕಳುಹಿಸಿಕೊಟ್ಟರೆ, ಅಂದು ಒತ್ತಿದ ಪ್ರತಿ ಸಿಲಿಂಡರಿನ ತಯಾರಿಕೆಯ ವರ್ಷ, ಸ್ಥಿತಿ ಮತ್ತು ಫಲಿತಾಂಶದ ಪಟ್ಟಿಯನ್ನು ಅದೇ ವಾರ ತಮಗೆ ತಲುಪಿಸುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಸುರಕ್ಷತಾ ಅಧಿಕಾರಿ,
ಬೆಂಗಳೂರು